ಆನೆಗಳ ಬಲ ಇಳಿದ ಬೇಸಿಗೆ

ಹೋದ ತಿಂಗಳು ಮಗಳ ಕಣ್ಣು ತೋರಿಸಲು ಶಹಾಪುರದ ಒಂದು ದವಾಖಾನೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಗಲ್ಲಿ, ಮೊದಲ ಮಹಡಿ. ಮೆಟ್ಟಿಲು ಹತ್ತುವಾಗಲೇ ಕಾಲಿಗೆ ಏನೋ ಪರಿಚಯವಿದೆ ಅನ್ನಿಸಿತ್ತು. ಒಳಗೆ ಹೋಗಿ ಕೂತ ಮೇಲೆ ಮೂಲೆಯ ಕೂಲರಿನಿಂದ ಹಸಿ ಹುಲ್ಲಿನ ವಾಸನೆ ಮುಖಕ್ಕೆ ಬಂದು ಬಡಿಯಿತು, ಆಗ ಖಾತ್ರಿಯಾಯಿತು. ಇದೇ ಕೋಣೆ. ಈಗ ಅಕ್ಷರದ ಫಲಕ ತೂಗುಹಾಕಿದ ಗೋಡೆಗೆ ಆಗ ನಾಲ್ಕು ಕಂಪ್ಯೂಟರುಗಳು ಬೆನ್ನು ಕೊಟ್ಟು ಕೂತಿದ್ದವು.

"ಅವ್ವಾ, ನಿನ್ನ ಮಾರಿ ಯಾಕ ಹಿಂಗ ಆಗ್ಯಾದ?" ಅಂದಳು ಮಗಳು.

ಬಿಸಿಲಿಗೆ ಅಂತ ಹೇಳಿದೆ. ಆದರೆ ಇಷ್ಟು ವರ್ಷಗಳ ಮೇಲೂ ಆ ಕೋಣೆಯಲ್ಲಿ ಕೂತಾಗ ನನಗೆ ನಾಚಿಕೆಯಾಗಿತ್ತು. ಯಾರೂ ನೋಡುತ್ತಿಲ್ಲ, ಯಾರಿಗೂ ನೆನಪಿಲ್ಲ, ಆದರೂ ಸೆರಗು ಎಳೆದುಕೊಂಡು ಕೂತೆ.

ಆಗ ನಾನು ಶಹಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಮನೆ ಗೋಗಿಯಲ್ಲಿ. ಅಪ್ಪನದು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಅಪ್ಪ ಮನೆಯಲ್ಲಿ ಸಿಗುತ್ತಿರಲಿಲ್ಲ. ನೀರು ನಿಂತಿತೆಂದರೆ ಮನೆಯಲ್ಲಿ ಕೂತು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನಾನು ದಿನಾ ಟಂಟಂ ಆಟೋ ಹತ್ತಿ ಕಾಲೇಜಿಗೆ ಬಂದು ಹೋಗುತ್ತಿದ್ದೆ. ಮೊಬೈಲು ಇನ್ನೂ ಮಾತಾಡಲಿಕ್ಕಷ್ಟೇ ಇದ್ದ ಕಾಲ. ಅರ್ಜಿ ತುಂಬಬೇಕೆಂದರೆ, ರಿಸಲ್ಟ್ ನೋಡಬೇಕೆಂದರೆ ಎಲ್ಲರೂ ಈ ಮೆಟ್ಟಿಲು ಹತ್ತಿ ಸಿದ್ದಣ್ಣನ ಇಂಟರ್ನೆಟ್ ಸೆಂಟರಿಗೆ ಬರಬೇಕಿತ್ತು. ಮಧ್ಯಾಹ್ನ ಬಿಸಿಲು ಏರಿ ರಸ್ತೆಯ ಮೇಲೆ ನಾಯಿಯೂ ಕಾಣದ ಹೊತ್ತಿನಲ್ಲಿ ಗಿರಾಕಿ ಇರುತ್ತಿರಲಿಲ್ಲ. ಆಗ ಸಿದ್ದಣ್ಣ ನಾಲ್ಕೂ ಕಂಪ್ಯೂಟರಿಗೆ ತಂತಿ ಜೋಡಿಸಿ ಆಟ ಹಚ್ಚುತ್ತಿದ್ದ.

ಆಟವೆಂದರೆ ಹಳೆಯ ಕಾಲದ ದಖ್ಖನ್ನಿನ ಯುದ್ಧ. ಪರದೆಯ ಮೇಲೊಂದು ಸೀಮೆ. ನಿನಗೊಂದು ಕೋಟೆ, ಎದುರಿನವನಿಗೊಂದು ಕೋಟೆ. ಹೊಲ ಮಾಡಬೇಕು, ಬಾವಿ ತೋಡಬೇಕು, ಕಣಜ ತುಂಬಬೇಕು. ಕಾಳು ಕೂಡಿದಂತೆ ಈಟಿಯವರು, ಬಿಲ್ಲಿನವರು, ಕುದುರೆ, ಕಡೆಗೆ ಆನೆ. ಯಾರ ಕೋಟೆಯ ಬಾಗಿಲು ಮೊದಲು ಮುರಿಯಿತೋ ಅವರು ಸೋತರು. ಇಬ್ಬರ ಎದುರು ಇಬ್ಬರು ಆಡುವುದೂ ಇತ್ತು. ಜೋಡಿಯವರು ಒಬ್ಬರಿಗೊಬ್ಬರು ಬಂಡಿಯಲ್ಲಿ ಕಾಳು ಕಳಿಸಬಹುದಿತ್ತು.

ನಾನು ಮೊದಲ ಸಲ ಕೂತಿದ್ದು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಹೋದಾಗ. ಒಬ್ಬ ಆಟಗಾರ ಎದ್ದು ಹೋಗಿದ್ದ, ಜಾಗ ಖಾಲಿ ಇತ್ತು. "ಕುಂದ್ರವಾ ತಂಗಿ, ಜರಾ ಹೊತ್ತು ಆಡು, ಇಲ್ಲಾಂದ್ರ ಇವರ ಆಟ ಕೆಡ್ತದ," ಅಂದ ಸಿದ್ದಣ್ಣ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಏನೂ ಗೊತ್ತಿರಲಿಲ್ಲ. ಇದ್ದ ಕಾಳನ್ನೆಲ್ಲ ಸುರಿದು ಆನೆ ಮಾಡಿದೆ, ಆನೆಗಳನ್ನು ನೆಟ್ಟಗೆ ಎದುರು ಕೋಟೆಯ ಬಾಗಿಲಿಗೆ ಓಡಿಸಿದೆ. ಬಾಗಿಲು ಮುರಿಯಿತು.

ಆಮೇಲೆ ನಾನು ಬೇರೆ ಏನನ್ನೂ ಕಲಿಯಲೇ ಇಲ್ಲ. ಕಲಿಯುವ ಜರೂರತ್ತೇ ಬರಲಿಲ್ಲ. ಆನೆಯನ್ನು ಒಮ್ಮೆ ಮಾಡಿದರೆ ಸಾಕು, ಅದು ಮತ್ತೆ ಕಾಳು ಕೇಳುತ್ತಿರಲಿಲ್ಲ. ಈಟಿಯವರು ಅಡ್ಡ ಬಂದರೆ ತುಳಿದುಕೊಂಡು ಹೋಗುತ್ತಿತ್ತು. ಬಾಣ ಮೈಮೇಲೆ ಬಿದ್ದರೂ ಕಿವಿ ಬೀಸಿ ಮುಂದೆ ಸಾಗುತ್ತಿತ್ತು. ಬೇರೆಯವರು ಕುದುರೆ, ಬಿಲ್ಲು, ಸುತ್ತುಬಳಸಿನ ದಾರಿ ಅಂತ ಲೆಕ್ಕ ಹಾಕುವಷ್ಟರಲ್ಲಿ ನಾನು ಅವರ ಬಾಗಿಲಲ್ಲಿ ಇರುತ್ತಿದ್ದೆ. ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಾರುತಿ ಪಾಪ ದಿನಾ ಈಟಿಯವರನ್ನೇ ಸಾಲುಸಾಲು ನಿಲ್ಲಿಸಿ ದಿನಾ ನನ್ನ ಕೈಲಿ ಸೋಲುತ್ತಿದ್ದ. ನನಗೆ 'ಆನಿ ಅಕ್ಕ' ಅಂತ ಹೆಸರು ಇಟ್ಟವನೂ ಅವನೇ. ಆ ಹೆಸರು ಕಾಲೇಜಿನವರೆಗೂ ಮುಟ್ಟಿತು. ಗಣಿತ ಹೇಳುವ ಸರ್ ಕೂಡ ಒಮ್ಮೆ ಹಾಜರಿ ಕರೆಯುವಾಗ ನಕ್ಕು, "ಆನಿ ಸುಮಂಗಲಾ ಬಂದಾರೇನು?" ಅಂದಿದ್ದರು. ನನಗೆ ಅದು ಎಷ್ಟು ಖುಷಿಯಾಗಿತ್ತೆಂದರೆ, ಅವತ್ತು ಟಂಟಂನಲ್ಲಿ ಜಾಗ ಸಿಗದೆ ಅರ್ಧ ಬೆನ್ನು ಹೊರಗೆ ಹಾಕಿ ಕೂತರೂ ಮನೆ ಬಂದದ್ದು ಗೊತ್ತಾಗಲಿಲ್ಲ.

ನನ್ನ ಜೋಡಿ ಗೌತಮಿ. ಯಾದಗಿರಿ ಕಡೆಯ ರಾಮಸಮುದ್ರದವಳು, ಶಹಾಪುರದ ಹಾಸ್ಟೆಲಿನಲ್ಲಿ ಇದ್ದು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಅವಳ ಅವ್ವ ಅಪ್ಪ ಕೂಲಿಗೆ ಹೋಗುತ್ತಿದ್ದರು. ಮಾತು ಕಡಿಮೆ, ಆಡಿದರೆ ಒಂದೇ ಏಟು. ನನ್ನ ಸಂಗಡ ಬಂದು ಬಂದು ಅವಳೂ ಆಟಕ್ಕೆ ಕೂತಳು. ಅವಳಿಗೆ ಆನೆ ಸೇರುತ್ತಿರಲಿಲ್ಲ. ಹೊಲ ಮಾಡುವುದು, ಬಾವಿಯ ಸುತ್ತ ಕಾವಲು ಇಡುವುದು, ಬಂಡಿಯ ದಾರಿ ನೋಡುವುದು, ಇದೇ ಅವಳ ಆಟ. ನಾಲ್ಕು ಮಂದಿ ಈಟಿಯವರು ಸತ್ತರೂ "ಅಯ್ಯ" ಅನ್ನುತ್ತಿದ್ದಳು.

ಜೋಡಿ ಆಟದಲ್ಲಿ ನಾನು ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು: "ನೀ ಕಾಳು ಕಳಸು, ಉಳಿದದ್ದು ನಾ ನೋಡ್ಕೋತೀನಿ."

ಅವಳು ಕಳಿಸುತ್ತಿದ್ದಳು. ಎಲ್ಲಿಂದ ಹೇಗೆ ಕಳಿಸುತ್ತಾಳೆ, ದಾರಿಯಲ್ಲಿ ಏನಾಗುತ್ತದೆ ಅಂತ ನಾನು ಒಂದು ದಿನವೂ ತಿರುಗಿ ನೋಡಿದವಳಲ್ಲ. ಆ ವರ್ಷ ಚಳಿ ಬಿಡುವ ಹೊತ್ತಿಗೆ ಯಾದಗಿರಿಯ ಇಬ್ಬರು ಬಂದರು, ಸಿದ್ದಣ್ಣನ ಪರಿಚಯದವರು, ಅಲ್ಲಿನ ಸೆಂಟರಿನಲ್ಲಿ ಯಾರಿಗೂ ಸೋಲದವರಂತೆ. ಕೋಣೆ ಹಿಡಿಸದಷ್ಟು ಜನ ಸೇರಿದ್ದರು. ನನ್ನ ಆನೆಗಳು ಅವರ ಎರಡೂ ಬಾಗಿಲು ಮುರಿದವು. ಹುಡುಗರು "ಆನಿ ಅಕ್ಕ, ಆನಿ ಅಕ್ಕ" ಅಂತ ಮೇಜು ಬಡಿದರು. ಸಿದ್ದಣ್ಣ ಎಲ್ಲರಿಗೂ ಚಹಾ ತರಿಸಿದ. ಯಾದಗಿರಿಯವನೊಬ್ಬ ನನ್ನ ಕುರ್ಚಿಯ ಹತ್ತಿರ ಬಂದು ಕೇಳಿದ: "ಅಲ್ರಿ, ನಿಮಗ ಅಷ್ಟು ಜಲ್ದಿ ಕಾಳು ಎಲ್ಲಿಂದ ಬರ್ತದ?"

"ಅದೇನೋ ಬರ್ತದ್ರಿ," ಅಂದು ನಕ್ಕೆ.

ಗೌತಮಿ ಪಕ್ಕದ ಕುರ್ಚಿಯಲ್ಲೇ ಇದ್ದಳು. ಚಹಾದ ಲೋಟಗಳು ಅವಳ ತನಕ ಬರುವಷ್ಟರಲ್ಲಿ ಮುಗಿದಿದ್ದವು.

ಆ ಸುದ್ದಿಯನ್ನು ನಾನೇ ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಕಂಪ್ಯೂಟರೆಂದರೆ ದೊಡ್ಡ ಸಾಹೇಬರ ಮೇಜಿನ ಮೇಲಿನ ವಸ್ತು. ಅದರೊಳಗೆ ಮಗಳು ಆನೆ ನಡೆಸಿ ಯಾದಗಿರಿಯವರನ್ನು ಸೋಲಿಸಿದ್ದಾಳೆ ಅನ್ನುವುದು ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಆದರೆ ಗೇಟಿನ ಹತ್ತಿರ ಬರುವ ರೈತರಿಗೆಲ್ಲ ಹೇಳಿದ. ಚಹಾದ ಅಂಗಡಿಯಲ್ಲಿ ಹೇಳಿದ. ಕಾಲುವೆ ಆಫೀಸಿನ ಜವಾನನಿಗೂ ಹೇಳಿದ.

ಯುಗಾದಿಯ ಮೊದಲು ಕಾಲುವೆಗೆ ನೀರು ನಿಂತಿತು. ಹಬ್ಬ ಮುಗಿಸಿ ನಾನು ಸೆಂಟರಿಗೆ ಹೋದಾಗ ಸಿದ್ದಣ್ಣ, "ಹೊಸ ಅಪ್‌ಡೇಟ್ ಬಂದದ ತಂಗಿ, ಹಾಕೀನಿ," ಅಂದ. ಪರದೆಯ ಬಣ್ಣ ಸ್ವಲ್ಪ ತಿಳಿಯಾಗಿತ್ತು, ಅಷ್ಟೇ. ನಾನು ಮಾರುತಿಯ ಎದುರು ಕೂತು ಎಂದಿನಂತೆ ಆನೆ ಮಾಡಿ ಓಡಿಸಿದೆ. ಅರ್ಧ ದಾರಿಗೆ ಆನೆಗಳು ನಿಧಾನವಾದವು. ಮಾರುತಿಯ ಈಟಿಯವರ ಸಾಲಿಗೆ ಮುಟ್ಟಿದ ಮೇಲೆ ತುಳಿಯಲಿಲ್ಲ, ನಿಂತವು. ಗಾಯವಾದ ಒಂದು ಆನೆ ಹಿಂದಕ್ಕೆ ತಿರುಗಿ ನನ್ನ ಮಂದಿಯನ್ನೇ ತುಳಿಯುತ್ತ ಓಡಿಹೋಯಿತು.

ಮಾರುತಿ ಗೆದ್ದ. ಅವನಿಗೇ ನಂಬಿಕೆ ಬರಲಿಲ್ಲ. "ನೀ ಬೇಕಂತ ಸೋತಿ ಅಲ್ಲಕ್ಕಾ?" ಅಂದ, ಖರೇ ಮನಸ್ಸಿನಿಂದ.

"ಮತ್ತೊಮ್ಮೆ ಹಚ್ಚು," ಅಂದೆ. ಮತ್ತೊಮ್ಮೆ ಸೋತೆ. ಮಗದೊಮ್ಮೆಯೂ ಸೋತೆ.

ಸಿದ್ದಣ್ಣ ಆಟದವರು ಹಾಕಿದ್ದ ಸೂಚನೆ ಓದಿ ಹೇಳಿದ. ಆನೆಯ ಬಲ ಜಾಸ್ತಿ ಆಗಿತ್ತಂತೆ, ಎಲ್ಲ ಕಡೆಯೂ ಜನ ಅದನ್ನೇ ಓಡಿಸಿ ಆಟ ಕೆಡಿಸುತ್ತಿದ್ದರಂತೆ. ಅದಕ್ಕೇ ಈಗ ಆನೆ ನಿಂತಲ್ಲೂ ಕಾಳು ತಿನ್ನುತ್ತದೆ, ಕಾಳು ತಪ್ಪಿದರೆ ನಡಿಗೆ ತಗ್ಗುತ್ತದೆ. ಸಾಲು ಕಟ್ಟಿ ನಿಂತ ಈಟಿಯವರು ಆನೆಯನ್ನು ತಡೆಯಬಲ್ಲರು. ಗಾಯವಾದರೆ ಅದು ಬೆದರುತ್ತದೆ.

"ಎಲ್ಲ ಕಡಿ ಅಂದ್ರ?" ಅಂದೆ.

"ಎಲ್ಲ ಕಡಿ ಅಂದ್ರ ಎಲ್ಲ ಕಡಿ. ಈ ಆಟ ಆಡೋ ಮಂದಿ ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ. ಹೊಸದಾಗಿ ಕುಂತವರು ಎಲ್ಲಾರೂ ಆನೀನ ಓಡಸ್ತಿದ್ರಂತ."

ಆ ಮಾತು ನನ್ನ ಮೈಮೇಲೆ ಬಿಸಿನೀರಿನಂತೆ ಬಿತ್ತು. ನಾನು ಅಷ್ಟು ದಿನ ನನ್ನದೇ ಅಂದುಕೊಂಡಿದ್ದ ಯುಕ್ತಿ ಯಾವ ಊರಿನ ಯಾವ ಹೊಸ ಹುಡುಗನಿಗೂ ಮೊದಲ ದಿನವೇ ಹೊಳೆಯುವಂಥದ್ದಾಗಿತ್ತು. ಗೆದ್ದದ್ದು ಆನೆ. ಅದರ ಹೆಸರಿನ ಮುಂದೆ ಯಾರೋ ಹಾಕಿದ್ದ ಒಂದು ಅಂಕಿ ಗೆದ್ದಿತ್ತು. ಈಗ ಆ ಅಂಕಿ ಇಳಿಸಿದ್ದಾರೆ, ನಾನು ಮಾರುತಿಗೆ ಸೋಲುತ್ತಿದ್ದೇನೆ.

ನಾಲ್ಕು ಜನರ ಮುಂದೆ ಬಟ್ಟೆ ಹರಿದಂತಾಯಿತು. ಆದರೂ ಸುಮ್ಮನಾಗಲಿಲ್ಲ. "ಹಳೇದ ಹಾಕು ಸಿದ್ದಣ್ಣ, ಇದು ಸರಿ ಇಲ್ಲ. ಆನಿ ಅಂದ್ರ ಆನಿ. ಈಟಿ ಹಿಡಿದ ಮಂದಿಗೆ ಹೆದರತದೇನು?" ಅಂತ ಜಗಳ ತೆಗೆದೆ.

"ಹಳೇದು ಹಾಕಿದ್ರ ಬ್ಯಾರೆ ಊರವರ ಜೋಡಿ ಆಡಾಕ ಬರಂಗಿಲ್ಲವ್ವ," ಅಂದ ಅವನು ಸಮಾಧಾನದಿಂದ.

ಆ ಬೇಸಿಗೆಯಲ್ಲಿ ಸೆಂಟರಿನ ಯುದ್ಧಗಳೇ ಬೇರೆಯಾದವು. ಮುಂಚೆ ಒಂದು ಚಹಾ ಕುಡಿಯುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಈಗ ಮಧ್ಯಾಹ್ನವೆಲ್ಲ ಒಂದೇ ಆಟ. ಬಾಗಿಲು ಮುರಿಯಲು ಹೋಗುವ ಬದಲು ಬಾವಿ ಹಿಡಿಯುತ್ತಿದ್ದರು, ಕಣಜಕ್ಕೆ ಬೆಂಕಿ ಇಡುತ್ತಿದ್ದರು, ಬಂಡಿಯ ದಾರಿಗೆ ಕುದುರೆ ಕಳಿಸಿ ಕಾಳು ಕಸಿಯುತ್ತಿದ್ದರು. ಈಟಿಯವರನ್ನು ಯಾರೂ ಕೇಳದ ಕಾಲ ಹೋಗಿ, ಈಟಿಯವರಿಲ್ಲದೆ ಯಾರೂ ಕೋಟೆಯಿಂದ ಹೊರಗೆ ಬರದ ಕಾಲ ಬಂದಿತ್ತು. ಕುದುರೆಯವರಿಗೂ ಹೊಸ ಬೆಲೆ ಬಂತು, ಏಕೆಂದರೆ ಸಾಲು ಕಟ್ಟಿದ ಈಟಿಯವರನ್ನು ಬದಿಯಿಂದ ಹೊಡೆಯಲು ಅವರೇ ಬೇಕು. ಹುಡುಗರು ಬಾಯಿ ಮುಚ್ಚಿ ಆಡುವುದನ್ನು ಕಲಿತರು. ನಾನು ಮಾತ್ರ ಆನೆ ಮಾಡುವುದನ್ನು ಬಿಡಲಿಲ್ಲ. ಬಿಟ್ಟರೆ ನಾನು ಯಾರು?

ಈ ಎಲ್ಲದರ ನಡುವೆ ಗೌತಮಿ ಸುಮ್ಮಸುಮ್ಮನೆ ಗೆಲ್ಲುತ್ತಿದ್ದಳು. ಅವಳ ಆಟ ಏನೂ ಬದಲಾಗಿರಲಿಲ್ಲ. ಅದೇ ಹೊಲ, ಅದೇ ಬಾವಿ, ಅದೇ ಸಾಲು ಕಟ್ಟಿದ ಈಟಿ. ನಿನ್ನೆಯವರೆಗೆ ಯಾರಿಗೂ ಕಾಣದಿದ್ದ ಅವಳ ಆಟದ ಹಿಂದೆ ಈಗ ಹುಡುಗರು ನಿಂತು ನೋಡುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳು ಗೆದ್ದ ಹೊತ್ತಿನಲ್ಲಿ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ.

ಮೇ ತಿಂಗಳಲ್ಲಿ ಸಿದ್ದಣ್ಣ ಒಂದು ಪಂದ್ಯ ಇಟ್ಟ. ಜೋಡಿ ಆಟ. ಗೆದ್ದ ಜೋಡಿ ಮಳೆಗಾಲದಲ್ಲಿ ಸುರಪುರದ ಕಂಪ್ಯೂಟರ್ ತರಬೇತಿ ಶಾಲೆಯಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಹೋಗುವುದು, ಸೋತವರು ಕಡೆಯ ಆಟದವರೆಗೆ ಬಂದಿದ್ದರೆ ಅವರೂ ಹೋಗಬಹುದು ಅಂತ ಮಾತಾಯಿತು. ಕಡೆಯ ಆಟಕ್ಕೆ ಒಂದು ಕಡೆ ನಾವಿಬ್ಬರು, ಇನ್ನೊಂದು ಕಡೆ ಮಾರುತಿ ಮತ್ತು ಅವನ ಗೆಳೆಯ ಉಳಿದೆವು. ನಾವು ಅಲ್ಲಿಯವರೆಗೆ ಬಂದದ್ದು ಪೂರ್ತಿ ಗೌತಮಿಯಿಂದ. ಅದು ನನಗೆ ಗೊತ್ತಿತ್ತು. ಕೋಣೆಯಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು.

ಆಟ ಶುರುವಾಗುವ ಮೊದಲು ಮೆಟ್ಟಿಲ ಮೇಲೆ ಗೌತಮಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಸುಮಿ, ಇವತ್ತೊಂದ ದಿನ ನೀ ಹೊಲ ನೋಡು. ಮುಂದಿಂದು ನಾ ನಡಸ್ತೀನಿ. ಆನಿ ಬ್ಯಾಡ."

"ಅಂದ್ರ ನಾ ನಿನಗ ಕಾಳು ಕಳಸಬೇಕೇನು?"

"ಹೌದು. ಯಾಕ?"

ನಾನು ಕೈ ಬಿಡಿಸಿಕೊಂಡು ಮೇಲೆ ಹೋದೆ.

ಒಳಗೆ ಹೋದರೆ ಅಪ್ಪ ಕೂತಿದ್ದಾನೆ! ಬಿಳಿ ಧೋತರ, ಮಡಿ ಅಂಗಿ, ಹಬ್ಬಕ್ಕಷ್ಟೇ ಸುತ್ತುವ ರುಮಾಲು. ಕಾಲುವೆಯಲ್ಲಿ ನೀರಿಲ್ಲ, ಕೆಲಸವಿಲ್ಲ, ಮಗಳ ಆನೆ ನೋಡಿಬರೋಣ ಅಂತ ಹೇಳದೆ ಕೇಳದೆ ಬಂದಿದ್ದ. ಸಿದ್ದಣ್ಣ ಅವನಿಗೆ ತನ್ನ ಕುರ್ಚಿ ಕೊಟ್ಟಿದ್ದ. "ಆನಿ ಅಕ್ಕನ ಅಪ್ಪಾರು ಬಂದಾರ, ಜರಾ ಜಾಗ ಬಿಡ್ರಿ," ಅಂತ ಹುಡುಗರು ಸರಿದು ನಿಂತಿದ್ದರು. ಕೂಲರಿನ ಗಾಳಿ ನೇರ ಅವನ ಮುಖಕ್ಕೆ ಬೀಸುತ್ತಿತ್ತು, ಅವನು ಕಣ್ಣು ಕಿರಿದು ಮಾಡಿ ನನ್ನ ಪರದೆಯನ್ನೇ ನೋಡುತ್ತಿದ್ದ.

ಆಟ ಶುರುವಾಯಿತು. ಗೌತಮಿ ನಮ್ಮ ಬಾವಿಯ ಸುತ್ತ ಈಟಿಯವರನ್ನು ನಿಲ್ಲಿಸುತ್ತ ಬಂದಳು. ನನಗೆ ಹೊಲ ಹೆಚ್ಚಿಸಲು ಹೇಳಿದಳು, ಮೆಲ್ಲಗೆ, ಪರದೆಯಿಂದ ಕಣ್ಣು ತೆಗೆಯದೆ. ನಾನು "ಹೂಂ" ಅಂದೆ. ಬೆನ್ನ ಹಿಂದೆ ಅಪ್ಪ ಪಕ್ಕದವನನ್ನು ಕೇಳಿದ್ದು ಕಿವಿಗೆ ಬಿತ್ತು: "ಆನಿ ಇನ್ನಾ ಬಂದಿಲ್ಲಲ್ಲ?"

ನಾನು ಆನೆ ಮಾಡಿದೆ. ಇದ್ದ ಕಾಳನ್ನೆಲ್ಲ ಹಾಕಿದೆ, ಗೌತಮಿ ಅವಳ ಮಂದಿಗೆ ಅಂತ ಇಟ್ಟಿದ್ದನ್ನೂ ಕೇಳಿ ತರಿಸಿಕೊಂಡು ಹಾಕಿದೆ. ಆನೆಗಳು ಕೋಟೆಯಿಂದ ಹೊರಬಿದ್ದಾಗ ಅಪ್ಪ "ಹಾಂ!" ಅಂದ. ಹುಡುಗರು ಸಿಳ್ಳೆ ಹಾಕಿದರು. ಗೌತಮಿ, "ಸುಮಿ, ಕಾಳಿಲ್ಲ. ನಿಂದ್ರಸು," ಅಂದಳು. ನಿಲ್ಲಿಸಲಿಲ್ಲ.

ಹೊಳೆ ದಾಟುವಷ್ಟರಲ್ಲಿ ಆನೆಗಳ ನಡಿಗೆ ಇಳಿಯಿತು. ಮಾರುತಿ ಕಾದಿದ್ದ. ಎದುರಿಗೆ ಈಟಿಯ ಸಾಲು, ಬದಿಯಲ್ಲಿ ಬಿಲ್ಲಿನವರು. ನನ್ನ ಆನೆಗಳು ನಿಂತಲ್ಲೇ ನಿಂತು ಬಾಣ ತಿಂದವು. ಗೌತಮಿ ನನ್ನನ್ನು ಉಳಿಸಲು ಬಾವಿಯ ಕಾವಲು ಬಿಟ್ಟು ತನ್ನ ಈಟಿಯವರನ್ನು ನನ್ನ ಹಿಂದೆ ಕರೆತಂದಳು. ಅಷ್ಟರಲ್ಲಿ ಆನೆಗಳು ಬೆದರಿ ತಿರುಗಿದವು. ಅವಳ ಮಂದಿ ಸಾಲು ಕಟ್ಟಿ ನಿಂತಿದ್ದ ದಾರಿಯಲ್ಲೇ ಓಡಿದವು. ಅವಳು ಇಡೀ ಮಧ್ಯಾಹ್ನ ಕೂಡಿಟ್ಟಿದ್ದ ಪಡೆಯನ್ನು ನನ್ನ ಆನೆಗಳು ತುಳಿದು ಹಾಕಿದವು. ಅವಳು "ಅಯ್ಯ" ಅನ್ನಲೂ ಇಲ್ಲ. ಮೌಸಿನ ಮೇಲಿನ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

ನಮ್ಮ ಬಾಗಿಲು ಮುರಿಯಿತು. ಮುರಿದಾಗ ಪರದೆಯ ತುಂಬ ಬಣ್ಣದ ಬೆಳಕು, ತುತೂರಿಯ ಸದ್ದು. ಸೋತವರಿಗೂ ಗೆದ್ದವರಿಗೂ ಆ ಆಟದಲ್ಲಿ ಒಂದೇ ತುತೂರಿ.

ಅಪ್ಪ ಕುರ್ಚಿಯಿಂದ ಎದ್ದು, ಕೋಣೆಗೆಲ್ಲ ಕೇಳುವಂತೆ, ನಗುಮುಖದಿಂದ ಕೇಳಿದ: "ಗೆದ್ದೇನವ್ವಾ?"

ಹಿಂದೆ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಮಾರುತಿ ತಲೆ ತಗ್ಗಿಸಿ ತನ್ನ ಕೀಬೋರ್ಡು ನೋಡುತ್ತಿದ್ದ, ಗೆದ್ದವನಿಗೇ ನಾಚಿಕೆಯಾದಂತೆ. ಅಪ್ಪ ಒಬ್ಬೊಬ್ಬರ ಮುಖ ನೋಡಿದ, ನಗು ಮೆಲ್ಲಗೆ ಇಳಿಯಿತು, ರುಮಾಲು ಸರಿಮಾಡಿಕೊಂಡ. ನಾನು ಅವನ ಕಡೆ ತಿರುಗಲೇ ಇಲ್ಲ. ಚೀಲ ಎತ್ತಿಕೊಂಡು, ಗೌತಮಿಗೆ ಒಂದು ಮಾತೂ ಹೇಳದೆ, ಅಪ್ಪನನ್ನೂ ಕರೆಯದೆ ಮೆಟ್ಟಿಲಿಳಿದು ಬಂದುಬಿಟ್ಟೆ. ಅಪ್ಪ ಹಿಂದಿನ ಟಂಟಂನಲ್ಲಿ ಬಂದ.

ಪರೀಕ್ಷೆ ಮುಗಿದಿತ್ತು, ಶಹಾಪುರಕ್ಕೆ ಹೋಗುವ ನೆವ ಇರಲಿಲ್ಲ. ಗೋಗಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಆ ಬಿಸಿಲಿಗೆ ಕಾಲುವೆಯ ತಳ ಬಿರಿದು ಹೆಂಟೆಯಾಗಿತ್ತು. ಕೆಲಸದವರು ಹೂಳು ತೆಗೆದು ದಂಡೆಗೆ ಒಟ್ಟುತ್ತಿದ್ದರು. ಅಪ್ಪನಿಗೆ ಅಲ್ಲಿ ಮೇಲ್ವಿಚಾರಣೆ. ಹೂಳು ತೆಗೆಯುವವರಲ್ಲಿ ಒಬ್ಬನ ಮಗ ಆ ದಿನ ಸೆಂಟರಿನಲ್ಲಿ ಇದ್ದನಂತೆ. ನಾನು ಊಟ ಕೊಡಲು ಹೋದಾಗ ಅವನು ಅಪ್ಪನನ್ನು ಕೇಳುತ್ತಿದ್ದ.

"ಏನ್ರಿ ನಾಗಪ್ಪಣ್ಣ, ಆನಿ ಬಿತ್ತಂತಲ್ರಿ?"

ಅಪ್ಪ ಹೇಳಿದ: "ಬಿದ್ದಿಲ್ಲೋ. ಹಸಿವಾಗಿತ್ತಂತ. ಉಣ್ಣಾಕ ಹಾಕಿದ್ದಿಲ್ಲ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನ್ನನ್ನು ನೋಡಿ ನಗು ನಿಲ್ಲಿಸಿದ. ಬುತ್ತಿ ಬಿಚ್ಚುತ್ತ, "ಸಿದ್ದಣ್ಣ ನನಗ ಎಲ್ಲಾ ತಿಳಿಸಿ ಹೇಳಿದ," ಅಂದ. "ಆ ಹುಡುಗಿ ನಿಂದ್ರಸು ಅಂದಿದ್ದು ನನಗೂ ಕೇಳಿಸಿತು. ನಾನ ಆನಿ ಆನಿ ಅಂತ ಹೇಳಿ ನಿನ್ನ ತಲಿ ಕೆಡಸಿದೆ ಏನೋ."

ತಪ್ಪು ತನ್ನದೇ ಅನ್ನುವಂತೆ ಅವನು ರೊಟ್ಟಿ ಮುರಿಯುತ್ತಿದ್ದ. ಸೋತ ದಿನ ಅಳು ಬಂದಿರಲಿಲ್ಲ. ಈಗ ಕಾಲುವೆಯ ದಂಡೆಯ ಮೇಲೆ, ಅಷ್ಟು ಮಂದಿಯ ಎದುರು, ತಡೆಯಲಾಗಲಿಲ್ಲ. ಅಪ್ಪ ರೊಟ್ಟಿ ಹಿಡಿದ ಕೈಯಿಂದಲೇ ನನ್ನ ತಲೆ ಮುಟ್ಟಿ, "ಹೋಗು, ಅಕಿನ್ನ ಭೆಟ್ಟಿಯಾಗಿ ಬಾ," ಅಂದ.

ಮರುದಿನ ಯಾದಗಿರಿ ಬಸ್ಸು ಹಿಡಿದು, ಅಲ್ಲಿಂದ ರಾಮಸಮುದ್ರಕ್ಕೆ ಹೋದೆ. ಹಾಸ್ಟೆಲು ರಜೆ, ಗೌತಮಿ ಮನೆಯಲ್ಲಿ ಇದ್ದಳು. ಸಣ್ಣ ಮನೆ, ಒಳಗೆ ತಂಪು. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಚಿತ್ರ. ಅವಳ ಅವ್ವ ಯಾರಾಕೆ ಅಂತ ಕೇಳುವ ಮೊದಲೇ ನೀರು ಕೊಟ್ಟು, ಹೆಸರು ಕೇಳಿದ ಮೇಲೆ ಅರಳಿದಳು. "ಸುಮಂಗಲಾ ಏನವ್ವ ನೀನು! ಈಕಿ ದಿನಾ ನಿಂದ ಹೇಳ್ತಾಳ. ಕಂಪ್ಯೂಟರ್‌ದಾಗ ಆನಿ ಓಡಸ್ತೀಯಂತಲ್ಲ?"

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಗೌತಮಿ ತನ್ನ ಬಗ್ಗೆ ಮನೆಯಲ್ಲಿ ಏನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ನನ್ನ ಬಗ್ಗೆ.

ಹೊರಗೆ ಬೇವಿನ ಮರದ ಕೆಳಗೆ ಕೂತೆವು. "ಸಿಟ್ಟು ಬಂದದೇನು?" ಅಂದೆ.

"ಬಂದಿಲ್ಲ ಅಂದ್ರ ಸುಳ್ಳಾಗ್ತದ."

"ಸೋತಿದ್ದಕ್ಕ?"

"ಸೋಲೋದು ಇರ್ತದ ಬಿಡು." ಅವಳು ಒಂದು ಕಡ್ಡಿ ಹಿಡಿದು ಮಣ್ಣು ಕೆದಕುತ್ತಿದ್ದಳು. "ಯಾದಗಿರಿಯವ ಅವತ್ತು ಕೇಳಿದನಲ್ಲ, ಕಾಳು ಎಲ್ಲಿಂದ ಬರ್ತದ ಅಂತ. ನೀ ಅದೇನೋ ಬರ್ತದ ಅಂದಿ. ನಾ ಬಾಜೂಕ ಕುಂತಿದ್ದೆ. ನನ್ನ ಕಡಿ ಕೈ ಮಾಡಿ ತೋರ್ಸಿದ್ರ ನಿಂದೇನು ಹೋಗತಿತ್ತು?"

ಯಾದಗಿರಿಯವನ ಆ ಪ್ರಶ್ನೆ ನನಗೆ ನೆನಪೇ ಇರಲಿಲ್ಲ. ಅವಳು ಹೇಳಿದ ಮೇಲೆ ಆ ಚಹಾ, ಆ ನಗು, ಎಲ್ಲ ಒಮ್ಮೆಲೇ ಬಂದು ಎದುರು ನಿಂತವು. "ತಪ್ಪಾಯ್ತು," ಅಂದೆ. ಅಂದ ಮೇಲೆ ಆ ಮಾತು ಎಷ್ಟು ಸಣ್ಣದು ಅನ್ನಿಸಿತು.

ಅವಳು ಕೈಯಲ್ಲಿದ್ದ ಕಡ್ಡಿ ಎಸೆದು, "ಸುರಪುರಕ್ಕ ಹೋಗೂಣು," ಅಂದಳು. "ಎರಡನೇ ಜೋಡಿಗೂ ಜಾಗ ಅದ ಅಂದಾನ ಸಿದ್ದಣ್ಣ. ನೀ ಕಾಳು ಕಳಸು, ನಾ ನಡಸ್ತೀನಿ. ಆಗ್ತದೇನು ನಿನ್ನ ಕೈಲಿ?"

"ಆಗ್ತದ."

"ನೋಡೂಣು."

ಆಗುತ್ತದೆ ಅಂದದ್ದು ಹುಂಬತನ. ಜೂನಿನಲ್ಲಿ ಕಾಲೇಜು ತೆರೆದು ದಿನಾ ಮಧ್ಯಾಹ್ನ ಆಡತೊಡಗಿದ ಮೇಲೆ ಅದು ತಿಳಿಯಿತು. ಹೊಲ ಹೆಚ್ಚಾದರೆ ಕಾಯುವವರು ಸಾಲದು. ಕಾಯುವವರು ಹೆಚ್ಚಾದರೆ ಕಳಿಸಲು ಕಾಳು ಉಳಿಯದು. ಬಂಡಿಯನ್ನು ಬೇಗ ಬಿಟ್ಟರೆ ದಾರಿಯಲ್ಲಿ ಕಸಿದುಕೊಳ್ಳುತ್ತಾರೆ, ತಡಮಾಡಿದರೆ ಅಲ್ಲಿ ಅವಳ ಮಂದಿ ಸೋತುಹೋಗುತ್ತಾರೆ. ಪರದೆಯ ಒಂದು ಮೂಲೆಯಲ್ಲಿ ಅವಳು ಯುದ್ಧ ಮಾಡುತ್ತಿದ್ದರೆ ನಾನು ಅದನ್ನು ನೋಡುವಂತೆಯೂ ಇರಲಿಲ್ಲ. ನೋಡಿದರೆ ಇತ್ತ ಕಣಜ ಹೊತ್ತಿ ಉರಿಯುತ್ತಿತ್ತು. ಇಷ್ಟೆಲ್ಲವನ್ನೂ ಅವಳು ನನಗಾಗಿ ವರ್ಷವಿಡೀ ಬಾಯಿ ಬಿಡದೆ ಮಾಡಿದ್ದಳು. ಮೊದಮೊದಲು ನನ್ನಿಂದಾಗಿ ಅವಳು ಸೋತಳು. ಬೈಯಲಿಲ್ಲ. "ಬಲಗಡಿ ದಾರಿ ಹಿಡಿ, ದೂರಾಗ್ತದ ಖರೆ, ಉಳೀತದ," ಅನ್ನುತ್ತಿದ್ದಳು.

ಜುಲೈಯಲ್ಲಿ ಮೇಲಿನ ಸೀಮೆಯ ಮಳೆಗೆ ಕೃಷ್ಣೆ ತುಂಬಿ ನಾರಾಯಣಪುರದಿಂದ ಕಾಲುವೆಗೆ ನೀರು ಬಿಟ್ಟರು. ಅಪ್ಪ ಮನೆ ಬಿಟ್ಟು ಗೇಟಿನ ಹತ್ತಿರ ಸೇರಿದ. ಝೆರಾಕ್ಸ್ ಅಂಗಡಿಯಲ್ಲಿ ರಜೆ ಸಿಗದೆ ಮಾರುತಿಯ ಜೋಡಿ ಹಿಂದೆ ಉಳಿಯಿತು, ನಾವಿಬ್ಬರೇ ಸಿದ್ದಣ್ಣನ ಸಂಗಡ ಸುರಪುರದ ಬಸ್ಸು ಹತ್ತಿದೆವು. ರಸ್ತೆಯ ಎರಡೂ ಬದಿ ಗದ್ದೆಗೆ ನೀರು ಹರಿಯುತ್ತಿತ್ತು, ಜಿಟಿಜಿಟಿ ಮಳೆ, ಸುರಪುರದ ಗುಡ್ಡಗಳು ಮೋಡದೊಳಗೆ ಅರ್ಧ ಮುಳುಗಿದ್ದವು.

ಕಡೆಯ ಆಟ ಸುರಪುರದ ಇಬ್ಬರು ಅಣ್ಣತಮ್ಮಂದಿರ ಮೇಲೆ. ಕುದುರೆಯಲ್ಲಿ ಅವರದು ಎತ್ತಿದ ಕೈ. ಶುರುವಿನಲ್ಲೇ ನನ್ನ ಎರಡು ಹೊಲ ಸುಟ್ಟರು. ನಾನು ಸುಟ್ಟದ್ದನ್ನು ಬಿಟ್ಟು ಗುಡ್ಡದ ಹಿಂದೆ ಹೊಸದು ಮಾಡಿದೆ. ಬಂಡಿಗಳನ್ನು ಒಟ್ಟಿಗೆ ಬಿಡದೆ ಒಂದೊಂದಾಗಿ ಸುತ್ತು ದಾರಿಗೆ ಹಾಕಿದೆ. ಅವರು ಒಂದು ಹಿಡಿದರೆ ಇನ್ನೊಂದು ಮುಟ್ಟುತ್ತಿತ್ತು. ಗೌತಮಿ ಒಂದು ಸಲವೂ "ಕಾಳು" ಅನ್ನಲಿಲ್ಲ. ಕೇಳುವ ಮೊದಲೇ ಅವಳಿಗೆ ಹೋಗುತ್ತಿತ್ತು. ಅವಳ ಈಟಿಯವರು ಹೆಜ್ಜೆ ಹೆಜ್ಜೆಗೆ ಸಾಲು ಕಟ್ಟುತ್ತ, ನಿಲ್ಲುತ್ತ, ಮತ್ತೆ ಸಾಗುತ್ತ ಹೋದರು. ಕಡೆಯಲ್ಲಿ ಅವಳೇ, "ಈಗ ಎರಡ ಆನಿ ಮಾಡಿ ಕಳಸು, ಹೊಟ್ಟಿ ತುಂಬ ಹಾಕಿ ಕಳಸು," ಅಂದಳು. ಕಳಿಸಿದೆ. ಈಟಿಯವರ ನಡುವೆ ಸಾವಕಾಶ ನಡೆದು ಹೋಗಿ ಅವು ಬಾಗಿಲು ಮುರಿದವು.

ಶಾಲೆಯ ಹಾಲ್ ತುಂಬ ಚಪ್ಪಾಳೆ. ಜನ ಗೌತಮಿಯ ಕುರ್ಚಿಯ ಸುತ್ತ ಮುಗಿಬಿದ್ದರು. ಸೋತ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ಬಂದು ಅವಳಿಗೆ ಕೈ ಮುಗಿದ, "ಇಂಥಾ ಆಟ ನೋಡಿದ್ದಿಲ್ರಿ," ಅಂದ. ಶಾಲೆಯವರು ಮೈಕು ಕೊಟ್ಟು ಹೆಸರು ಹೇಳಲು ಕರೆದರು. ನೂಕುನುಗ್ಗಲಿನಲ್ಲಿ ನಾನು ಕಂಪ್ಯೂಟರಿನ ಹಿಂದೆ ಗೋಡೆಗೆ ಸರಿದಿದ್ದೆ. ಒಬ್ಬ ಹೆಂಗಸು ನನ್ನನ್ನು ನೋಡಿ ಅಕ್ಕರೆಯಿಂದ ಕೇಳಿದಳು: "ನೀನೂ ನೋಡಾಕ ಬಂದಿದ್ದೇನವ್ವಾ?"

ಗೌತಮಿ ಮೈಕಿನಲ್ಲಿ ಮಾತಾಡಿದಳು. ತನ್ನ ಹೆಸರು ಹೇಳಿದಳು, ರಾಮಸಮುದ್ರ ಅಂದಳು, ಅವ್ವನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು. ಈಟಿಯವರನ್ನು ಹೇಗೆ ನಿಲ್ಲಿಸಬೇಕು ಅಂತ ಯಾರೋ ಕೇಳಿದ್ದಕ್ಕೆ ಚೆನ್ನಾಗಿ ವಿವರಿಸಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಹೆಸರು ಬರುತ್ತದೆ ಅಂತ ಕಾದೆ. ಸೆರಗು ಕೂಡ ಸರಿಮಾಡಿಕೊಂಡೆ. ಅವಳು ಮೈಕು ವಾಪಸು ಕೊಟ್ಟಳು.

ಇಷ್ಟಾದರೂ, ರಾಮಸಮುದ್ರದ ಆ ಬೇವಿನ ನೆರಳಲ್ಲಿ ಅಷ್ಟೆಲ್ಲ ಕೇಳಿಸಿಕೊಂಡು ಬಂದ ಮೇಲೂ, ನಾನು ನನ್ನ ಹೆಸರಿಗೇ ಬಾಯಿ ತೆರೆದು ನಿಂತಿದ್ದೆನಲ್ಲ! ಸೋತ ದಿನ ಆಗಿದ್ದು ಊರಿನವರ ಎದುರಿನ ಅವಮಾನ. ಇದು ಯಾರಿಗೂ ಕಾಣದಂಥದ್ದು, ಅದಕ್ಕಿಂತ ಹೆಚ್ಚು ಸುಟ್ಟಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಸಿದ್ದಣ್ಣ ಮುಂದೆ ಕೂತು ತೂಕಡಿಸುತ್ತಿದ್ದ. ಕಿಟಕಿಯ ಗಾಜು ಸರಿಯಾಗಿ ಕೂರದೆ ಮಳೆಯ ಎರಚಲು ಒಳಗೆ ಬರುತ್ತಿತ್ತು. ಶಾಲೆಯವರು ಕಟ್ಟಿಕೊಟ್ಟ ಉಪ್ಪಿಟ್ಟಿನ ಪೊಟ್ಟಣವನ್ನು ಗೌತಮಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ನಿನ್ನ ಹೆಸರು ಹೇಳಲಿಲ್ಲ," ಅಂದಳು.

"ಹೂಂ."

"ಬೇಕಂತನ ಹೇಳಲಿಲ್ಲ."

"ಗೊತ್ತು."

ಅವಳು ನನ್ನ ಕಡೆ ತಿರುಗಿ ಕೂತಳು. "ಹ್ಯಾಂಗ ಅನಿಸ್ತು?"

ಸುಳ್ಳು ಹೇಳಬಹುದಿತ್ತು. "ಕಾದೆ," ಅಂದೆ. "ನೀ ಕಡೀಕಾದ್ರೂ ಹೇಳ್ತಿ ಅಂತ ಕಾದೆ. ಕಾದಿದ್ದಕ್ಕ ನನಗ ನಾಚಿಕಿ ಬಂತು."

ಗೌತಮಿ ಪೊಟ್ಟಣ ಬಿಚ್ಚಿ, ಉಪ್ಪಿಟ್ಟನ್ನು ಬೆರಳಿನಿಂದ ನಡುವೆ ಗೀರಿ ಎರಡು ಪಾಲು ಮಾಡಿ, ನನ್ನ ಕಡೆಗೆ ಸರಿಸಿದಳು.

"ಅಷ್ಟ ಸಾಕು," ಅಂದಳು. "ಮುಂದಿನ ಸಲ ಹೇಳ್ತೀನಿ. ಈಗ ತಿನ್ನು."